ಆಗದೆ ಹೋದದ್ದರ ಕ್ರಿಯಾಪದ: ಫ್ರೆಂಚ್‌ನ ಪ್ಲೂಪರ್ಫೆಕ್ಟ್ ಸಬ್‌ಜಂಕ್ಟಿವ್



ಭಾಷಾಬೋಧನೆಯನ್ನು ಕುರಿತು ವರ್ಷಕ್ಕೊಂದು ಉಪನ್ಯಾಸ ನಡೆಯಬೇಕೆಂಬುದು ಈ ದತ್ತಿಯ ಆಶಯ. ನಾನು ಇಂದಿಗೆ ಆರಿಸಿಕೊಂಡಿರುವುದು ಫ್ರೆಂಚ್ ವ್ಯಾಕರಣದಲ್ಲಿ ಬಹುತೇಕ ಅಧ್ಯಾಪಕರು ಪುಟ ಮಗುಚಿ ಮುಂದಕ್ಕೆ ಹೋಗುವ ಒಂದು ಭಾಗ. ಫ್ರೆಂಚರು ಅದನ್ನು ‘ಪ್ಲ್ಯೂಸ್‌ಕಪಾರ್ಫೆ ದ್ಯೂ ಸ್ಯೂಬ್ಜೋಂಕ್ತಿಫ್’ ಎನ್ನುತ್ತಾರೆ. ನಮ್ಮ ಕಾಲೇಜುಗಳಲ್ಲಿ ಎರಡನೇ ಭಾಷೆಯಾಗಿ ಫ್ರೆಂಚ್ ತೆಗೆದುಕೊಂಡ ಮಕ್ಕಳಿಗೆ ಇದರ ಹೆಸರೂ ತಿಳಿದಿರುವುದಿಲ್ಲ. ಪರೀಕ್ಷೆಯಲ್ಲಿ ಕೇಳುವುದಿಲ್ಲ, ಪ್ಯಾರಿಸ್ಸಿನ ರಸ್ತೆಯಲ್ಲಿ ಯಾರೂ ಆಡುವುದಿಲ್ಲ, ಹಾಗಾದರೆ ಯಾಕೆ ಕಲಿಸಬೇಕು ಎನ್ನುವುದು ನಮ್ಮವರ ವಾದ. ಆಡುವುದಕ್ಕಾಗಿ ಕಲಿಸಬೇಡಿ, ಓದುವುದಕ್ಕಾಗಿ ಖಂಡಿತ ಕಲಿಸಿ ಎನ್ನುವುದು ನನ್ನ ವಾದ. ಕನ್ನಡ ಮಾತಾಡುವ ವಿದ್ಯಾರ್ಥಿಗೆ ಇದರಲ್ಲಿ ತೊಡಕಾಗುವುದು ಎಲ್ಲರೂ ಅಂದುಕೊಂಡಿರುವ ಜಾಗದಲ್ಲಲ್ಲ ಎಂಬುದನ್ನೂ ತೋರಿಸಬೇಕೆಂದಿದ್ದೇನೆ.

ಮೊದಲು ರೂಪಗಳನ್ನು ನೋಡೋಣ. ಈ ಕಾಲದ ರೂಪ ಎರಡು ಪದಗಳದ್ದು. ಮುಂದೆ ಒಂದು ಸಹಾಯಕ ಕ್ರಿಯಾಪದ, ಹಿಂದೆ ಮುಖ್ಯ ಕ್ರಿಯಾಪದದ ಭೂತಕೃದಂತ. ಕೃದಂತವನ್ನು ವಿದ್ಯಾರ್ಥಿ ಮೊದಲ ವರ್ಷದಲ್ಲೇ ಕಲಿತಿರುತ್ತಾನೆ: ಮಾತಾಡು ಎಂಬುದಕ್ಕೆ ‘ಪಾರ್ಲೇ’, ಬಾ ಎಂಬುದಕ್ಕೆ ‘ವನ್ಯೂ’, ಓದು ಎಂಬುದಕ್ಕೆ ‘ಲ್ಯೂ’. ಪುರುಷಕ್ಕೆ ತಕ್ಕಂತೆ ಬದಲಾಗುವುದು ಸಹಾಯಕ ಮಾತ್ರ. ಅದೂ ಎರಡೇ: ‘ಅವ್ವಾರ್’ ಮತ್ತು ‘ಎತ್ರ್’. ಹೋಗು, ಬಾ, ಹೊರಡು, ತಲುಪು, ಹುಟ್ಟು, ಸಾಯು, ಬೀಳು ಮುಂತಾದ ಕೆಲವು ಕ್ರಿಯೆಗಳಿಗೂ ತನ್ನನ್ನೇ ಕುರಿತ ಎಲ್ಲ ಕ್ರಿಯೆಗಳಿಗೂ ‘ಎತ್ರ್’. ಉಳಿದ ಸಾವಿರಾರು ಕ್ರಿಯಾಪದಗಳಿಗೆ ‘ಅವ್ವಾರ್’. ಆರು ರೂಪ ಒಂದರದ್ದು, ಆರು ಇನ್ನೊಂದರದ್ದು. ಹನ್ನೆರಡು ಪದ ಬಾಯಿಗೆ ಬಂದರೆ ಇಡೀ ಫ್ರೆಂಚ್ ಭಾಷೆಯ ಪ್ಲೂಪರ್ಫೆಕ್ಟ್ ಸಬ್‌ಜಂಕ್ಟಿವ್ ಕೈಗೆ ಬಂದಂತೆ. ಅನಿಯತ ಕ್ರಿಯಾಪದಗಳ ಕಾಟವೆಲ್ಲ ಕೃದಂತದಲ್ಲೇ ಮುಗಿದುಹೋಗಿರುತ್ತದೆ.

ಇಲ್ಲಿ ಬರುವ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲ. ತುಟಿಯನ್ನು ‘ಊ’ ಹೇಳುವಾಗಿನಂತೆ ಮುಂದೆ ಚಾಚಿ, ನಾಲಿಗೆಯನ್ನು ‘ಈ’ ಹೇಳುವ ಜಾಗದಲ್ಲಿಟ್ಟರೆ ಹುಟ್ಟುವ ಧ್ವನಿ ಅದು. ಅದನ್ನು ‘ಯೂ’ ಎಂದು ಬರೆಯುತ್ತೇನೆ. ‘ಅವ್ವಾರ್’ ಬಂದಾಗ ನಾನು, ನೀನು, ಅವರು, ಈ ಮೂವರಿಗೂ ‘ಯೂಸ್’. ಅವನು, ಅವಳು ಎಂಬುದಕ್ಕೆ ‘ಯೂ’. ನಾವು ಎಂಬುದಕ್ಕೆ ‘ಯೂಸ್ಯೋಂ’, ನೀವು ಎಂಬುದಕ್ಕೆ ‘ಯೂಸ್ಯೇ’. ಬರಹದಲ್ಲಿ ಆರು, ಕಿವಿಗೆ ನಾಲ್ಕೇ. ‘ಎತ್ರ್’ ಬಂದಾಗ ಮುಂದೆ ಒಂದು ‘ಫ್’ ಸೇರುತ್ತದೆ: ಫ್ಯೂಸ್, ಫ್ಯೂ, ಫ್ಯೂಸ್ಯೋಂ, ಫ್ಯೂಸ್ಯೇ. ‘ಕಿಲ್ ಯೂ ಪಾರ್ಲೇ’ ಎಂದರೆ ಅವನು ಮಾತಾಡಿದ್ದ ಎಂಬ ಸಂಗತಿ, ‘ಕೆಲ್ ಫ್ಯೂ ವನ್ಯೂ’ ಎಂದರೆ ಅವಳು ಬಂದಿದ್ದಳು ಎಂಬ ಸಂಗತಿ. ಎರಡೂ ಇನ್ನೊಂದು ವಾಕ್ಯದ ಆಸರೆಯಲ್ಲಿ ನಿಂತಿರುವಂಥವು. ಸಾಹಿತ್ಯದಲ್ಲಿ ಹೆಚ್ಚಾಗಿ ಸಿಗುವುದು ಪ್ರಥಮಪುರುಷ ಏಕವಚನ. ಆದ್ದರಿಂದ ‘ಯೂ’ ಮತ್ತು ‘ಫ್ಯೂ’ ಎರಡನ್ನು ಗುರುತಿಸಲು ಬಂದವನು ಮುಕ್ಕಾಲು ದಾರಿ ದಾಟಿದ ಹಾಗೆ. ಆರೂ ರೂಪಗಳನ್ನು ಮಗ್ಗಿಯಂತೆ ಒಪ್ಪಿಸುವ ಪದ್ಧತಿಯಲ್ಲಿ ಈ ಸತ್ಯ ಮರೆಯಾಗುತ್ತದೆ. ‘ನಾವು’, ‘ನೀವು’ ರೂಪಗಳ ಉದ್ದಕ್ಕೆ ಹೆದರಿ ಮಕ್ಕಳು ಇಡೀ ಪಾಠವನ್ನೇ ಬಿಟ್ಟುಬಿಡುತ್ತಾರೆ.

ಈ ರೂಪಗಳು ಎಲ್ಲಿಂದ ಬಂದವು ಎಂಬ ಕಥೆ ಸೊಗಸಾಗಿದೆ. ಲ್ಯಾಟಿನ್‌ನಲ್ಲಿ ಪ್ಲೂಪರ್ಫೆಕ್ಟ್ ಸಬ್‌ಜಂಕ್ಟಿವ್ ಒಂದೇ ಪದ. ‘ಹಬುಯಿಸ್ಸೆಮ್’ ಎಂಬುದು ಸವೆದು ‘ಯೂಸ್’ ಆಯಿತು, ‘ಫುಯಿಸ್ಸೆಮ್’ ಎಂಬುದು ‘ಫ್ಯೂಸ್’ ಆಯಿತು. ಸವೆಯುವ ಹಾದಿಯಲ್ಲಿ ಅರ್ಥವೂ ಒಂದು ಮೆಟ್ಟಿಲು ಕೆಳಗಿಳಿಯಿತು. ಲ್ಯಾಟಿನ್ನಿನ ಹಳೆಯ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ ಫ್ರೆಂಚ್‌ನಲ್ಲಿ ಅಳಿದುಹೋಗಿ, ಆ ಖಾಲಿ ಜಾಗಕ್ಕೆ ಪ್ಲೂಪರ್ಫೆಕ್ಟ್ ಬಂದು ಕೂತಿತು. ಆಗ ಮೇಲಿನ ಜಾಗ ತೆರವಾಯಿತು. ಅದನ್ನು ತುಂಬಲು ಭಾಷೆ ಅದೇ ಸವೆದ ರೂಪಕ್ಕೆ ಭೂತಕೃದಂತವೊಂದನ್ನು ಜೋಡಿಸಿ ಹೊಸದನ್ನು ಕಟ್ಟಿಕೊಂಡಿತು. ಹಾಗಾಗಿ ‘ಯೂಸ್ ಪಾರ್ಲೇ’ ಎನ್ನುವಾಗ ಹಳೆಯ ಪ್ಲೂಪರ್ಫೆಕ್ಟ್‌ನ ಮೇಲೆ ಹೊಸ ಪ್ಲೂಪರ್ಫೆಕ್ಟ್ ನಿಂತಿರುತ್ತದೆ.

ಈಗ ಇದರ ಕೆಲಸಕ್ಕೆ ಬರೋಣ. ಕೆಲಸ ಎರಡು ಬಗೆಯದು, ಎರಡನ್ನೂ ಬೆರೆಸಿದರೆ ಗೊಂದಲ ತಪ್ಪಿದ್ದಲ್ಲ.

ಒಂದು, ಆಗದೆ ಹೋದದ್ದನ್ನು ಹೇಳುವುದು. ‘ಸಿಲ್ ಫ್ಯೂ ವನ್ಯೂ, ಜ ಲ್ಯೂಸ್ ವ್ಯೂ’, ಅಂದರೆ ಅವನು ಬಂದಿದ್ದರೆ ನಾನು ಅವನನ್ನು ನೋಡುತ್ತಿದ್ದೆ. ಅವನು ಬರಲಿಲ್ಲ, ನಾನು ನೋಡಲಿಲ್ಲ. ಷರತ್ತಿನ ಭಾಗದಲ್ಲೂ ಫಲದ ಭಾಗದಲ್ಲೂ ಒಂದೇ ರೂಪ. ಲ್ಯಾಟಿನ್ನಿನ ವಾಡಿಕೆಯೂ ಇದೇ. ಸಂಸ್ಕೃತ ಬಲ್ಲವರಿಗೆ ಇಷ್ಟರಲ್ಲೇ ಲೃಙ್ ಲಕಾರ ನೆನಪಾಗಿರುತ್ತದೆ. ಪಾಣಿನಿ ಇದನ್ನು ‘ಕ್ರಿಯಾತಿಪತ್ತಿ’ ಎಂದು ಕರೆದ. ಕಾರಣ ಕೈಗೂಡದೆ ಕಾರ್ಯವೂ ತಪ್ಪಿಹೋದ ಸಂದರ್ಭ ಅದು. ಮಳೆ ಚೆನ್ನಾಗಿ ಆಗಿದ್ದರೆ ಸುಭಿಕ್ಷವಾಗುತ್ತಿತ್ತು ಎಂಬ ಅಲ್ಲಿನ ಸಾಂಪ್ರದಾಯಿಕ ಉದಾಹರಣೆಯಲ್ಲೂ ಎರಡೂ ಕಡೆ ಲೃಙ್ ಬರುತ್ತದೆ. ಸಂಸ್ಕೃತ ಓದಿ ಬಂದ ವಿದ್ಯಾರ್ಥಿಗೆ ಇಲ್ಲಿಂದಲೇ ಪಾಠ ಶುರುಮಾಡಬಹುದು. ಕನ್ನಡದ ದಾರಿ ಬೇರೆ. ನಮ್ಮಲ್ಲಿ ಷರತ್ತಿಗೆ ‘ಬಂದಿದ್ದರೆ’, ಫಲಕ್ಕೆ ‘ನೋಡುತ್ತಿದ್ದೆ’, ಎರಡೂ ಬೇರೆ ಬೇರೆ ರೂಪ. ಇಂದಿನ ಫ್ರೆಂಚ್ ಕೂಡ ನಮ್ಮಂತೆಯೇ ಎರಡು ರೂಪ ಬಳಸುತ್ತದೆ: ‘ಸಿಲ್ ಎತೆ ವನ್ಯೂ, ಜ ಲೊರೆ ವ್ಯೂ’. ಈ ಎರಡನೆಯ ‘ಲೊರೆ’ ಕಂಡಿಷನಲ್. ಅದು ಲ್ಯಾಟಿನ್ನಿನ ಧಾತುರೂಪಕ್ಕೆ ‘ಇತ್ತು’ ಎಂಬರ್ಥದ ಸಹಾಯಕವನ್ನು ಅಂಟಿಸಿ ಜನರ ಬಾಯಿಯಲ್ಲಿ ಹುಟ್ಟಿದ ರೂಪ. ನಿಧಾನವಾಗಿ ಹಳೆಯದನ್ನು ಹೊರದಬ್ಬಿತು. ಪಾಸ್ಕಲ್‌ನ ಬರಹದಲ್ಲಿ ಈ ಹಗ್ಗಜಗ್ಗಾಟ ಕಣ್ಣಿಗೆ ಕಾಣುತ್ತದೆ. ಅವನು 1662ರಲ್ಲಿ ತೀರಿಕೊಂಡ, ‘ಪಾಂಸೇ’ 1670ರಲ್ಲಿ ಅಚ್ಚಾಯಿತು. ಕ್ಲಿಯೋಪಾತ್ರಳ ಮೂಗಿನ ಬಗ್ಗೆ ಅದರಲ್ಲಿ ಅವನಾಡಿದ ಪ್ರಸಿದ್ಧ ಮಾತಿನ ಷರತ್ತಿನ ಭಾಗ ಹಳೆಯ ರೂಪದಲ್ಲಿದೆ, ಫಲದ ಭಾಗ ಹೊಸ ಕಂಡಿಷನಲ್‌ನಲ್ಲಿದೆ.

ಷರತ್ತಿನ ‘ಸಿ’ ಅನ್ನೇ ಬಿಟ್ಟು ಕ್ರಿಯಾಪದವನ್ನು ಮುಂದಕ್ಕೆ ತರುವ ಬಗೆಯೂ ಉಂಟು. ‘ಯೂತಿಲ್’ ಎಂದು ಶುರುವಾದರೆ ‘ಅವನು ಹಾಗಿದ್ದಿದ್ದರೂ’ ಎಂಬ ಅರ್ಥ ಬರುತ್ತದೆ. ಬೇರೆ ಕಡೆ ‘ಯೂ’ ಎಂದಷ್ಟೇ ಕೇಳಿ, ಕೊನೆಯ ‘ತ್’ ಬಾಯಿಗೆ ಬಾರದೆ ಬರಹದಲ್ಲಿ ಮಾತ್ರ ಉಳಿದಿರುತ್ತದೆ. ಪದಗಳು ಜಾಗ ಬದಲಿಸಿದ ಕೂಡಲೇ ಆ ‘ತ್’ ನಾಲಿಗೆಯ ಮೇಲೆ ಎದ್ದು ಬರುತ್ತದೆ. ತರಗತಿಯಲ್ಲಿ ಇದನ್ನು ಜೋರಾಗಿ ಓದಿಸಬೇಕು. ಮೂಕಾಕ್ಷರಗಳನ್ನು ಫ್ರೆಂಚರು ಯಾಕೆ ಬಿಡದೆ ಬರೆಯುತ್ತಾರೆ ಎಂಬ ಪ್ರಶ್ನೆಗೆ ಮಕ್ಕಳ ಕಿವಿಯೇ ಉತ್ತರ ಕಂಡುಕೊಳ್ಳುತ್ತದೆ.

ಎರಡನೆಯ ಕೆಲಸ ಸಬ್‌ಜಂಕ್ಟಿವ್‌ನ ಮೂಲ ಕಸುಬು. ಒಂದು ಸಂಗತಿಯನ್ನು ನಾನೇ ಮುಂದೆ ನಿಂತು ‘ಹೀಗಾಯಿತು’ ಎಂದು ಸಾರದೆ, ಯಾರದೋ ಭಯ, ಆಸೆ, ಅನುಮಾನದೊಳಗೆ ಇಟ್ಟು ಹೇಳುವುದು. ಆ ಭಯ ಹಿಂದಿನ ಕಾಲದ್ದಾಗಿ, ಭಯಪಟ್ಟ ಸಂಗತಿ ಅದಕ್ಕಿಂತಲೂ ಹಿಂದಿನದಾದರೆ ಈ ರೂಪ ಬರಬೇಕು. ‘ಬ್ಯಾಂ ಕಿಲ್ ಯೂ ಬೋಕೂ ಲ್ಯೂ’, ಅಂದರೆ ಅವನು ಬಹಳ ಓದಿದ್ದರೂ, ಎಂಬಲ್ಲಿ ಓದಿದ್ದು ನಿಜವೇ. ಆದರೂ ‘ಆದರೂ’ ಎಂಬುದರ ನೆರಳಲ್ಲಿ ಅದು ಬಂದಿದೆ, ಸ್ವತಂತ್ರ ಹೇಳಿಕೆಯಾಗಿ ಬಂದಿಲ್ಲ. ಹಾಗಾಗಿ ಸಬ್‌ಜಂಕ್ಟಿವ್ ಎಂದರೆ ಸುಳ್ಳಾದದ್ದು, ಅನುಮಾನದ್ದು ಎಂದು ಒಂದೇ ಗೆರೆಯಲ್ಲಿ ಪಾಠ ಮುಗಿಸಬಾರದು.

ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಕನ್ನಡದ ‘ಎಂದು’, ‘ಅಂತ’ ಎಂಬ ಪದಗಳಿಗೆ ದೊಡ್ಡ ಶಕ್ತಿಯಿದೆ. ಅವುಗಳ ಹಿಂದೆ ಯಾರದೇ ಮನಸ್ಸಿನ ಮಾತನ್ನು ಅದು ಇದ್ದ ಕಾಲದಲ್ಲೇ, ಇದ್ದ ಹಾಗೆಯೇ ಇಡಬಹುದು. ‘ಅವಳು ಹೊರಟುಹೋಗಿದ್ದಾಳೇನೋ ಎಂದು ಹೆದರಿದೆ’ ಎನ್ನುತ್ತೇವೆ. ಹೆದರಿದ್ದು ನಿನ್ನೆ, ಒಳಗಿನ ಮಾತು ಮಾತ್ರ ‘ಹೋಗಿದ್ದಾಳೆ’ ಎಂಬ ಅಂದಿನ ವರ್ತಮಾನದಲ್ಲೇ ಉಳಿದಿದೆ. ಫ್ರೆಂಚ್ ಹಾಗೆ ಬಿಡುವುದಿಲ್ಲ. ಮುಖ್ಯವಾಕ್ಯ ಭೂತಕ್ಕೆ ಸರಿದರೆ ಒಳವಾಕ್ಯವನ್ನೂ ಜೊತೆಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇದನ್ನು ಅಲ್ಲಿ ಕಾಲಗಳ ಹೊಂದಾಣಿಕೆ ಎನ್ನುತ್ತಾರೆ. ಹನ್ನೆರಡು ರೂಪಗಳನ್ನು ಸಂಜೆಯೊಳಗೆ ಕಲಿಯುವ ಬುದ್ಧಿವಂತ ಹುಡುಗಿಗೂ ಈ ಎಳೆತ ಅಭ್ಯಾಸವಾಗಲು ತಿಂಗಳುಗಳು ಬೇಕು, ಏಕೆಂದರೆ ಅವಳ ತಾಯ್ನುಡಿಯಲ್ಲಿ ಅದರ ಅಗತ್ಯವೇ ಇಲ್ಲ. ಇಂಗ್ಲಿಷ್‌ನ ಮೂಲಕ ಫ್ರೆಂಚ್ ಕಲಿಸುವ ನಮ್ಮ ಪದ್ಧತಿಯಲ್ಲಿ ಈ ತೊಡಕಿನ ಬೇರು ಅಧ್ಯಾಪಕರ ಕಣ್ಣಿಗೇ ಬೀಳುವುದಿಲ್ಲ. ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟು ತೋರಿಸಿದರೆ ಮಗುವಿಗೆ ಅರ್ಧ ಗಂಟೆಯಲ್ಲಿ ಬೆಳಕಾಗುತ್ತದೆ.

ಈ ರೂಪದ ತಲೆಯ ಮೇಲಿರುವ ಟೋಪಿಯಂಥ ಗುರುತಿಗೂ ಒಂದು ಚರಿತ್ರೆಯಿದೆ. ಪ್ರಥಮಪುರುಷ ಏಕವಚನದಲ್ಲಿ ಮಾತ್ರ ಸ್ವರದ ಮೇಲೆ ಸಿರ್ಕೋಂಫ್ಲೆಕ್ಸ್ ಕೂರುತ್ತದೆ. ಹಿಂದೆ ಅಲ್ಲಿ ‘ಸ್’ ಇತ್ತು. ಉಚ್ಚಾರದಲ್ಲಿ ಅದು ಎಂದೋ ಬಿದ್ದುಹೋಗಿತ್ತು. 1740ರಲ್ಲಿ ಫ್ರೆಂಚ್ ಅಕಾಡೆಮಿ ತನ್ನ ನಿಘಂಟಿನ ಮೂರನೆಯ ಆವೃತ್ತಿಯಲ್ಲಿ ಇಂಥ ಮೂಕ ‘ಸ್’ಗಳನ್ನು ತೆಗೆದು ಗುರುತನ್ನು ನೆಲೆಗೊಳಿಸಿತು. ಗುರುತು ಬಿಟ್ಟು ಬರೆದರೆ ಕ್ರಿಯೆ ಬೇರೆಯೇ ಆಗುತ್ತದೆ. ಟೋಪಿಯಿಲ್ಲದ ‘ಯೂ ಪಾರ್ಲೇ’ ಎಂದರೆ ‘ಅವನು ಮಾತಾಡಿ ಮುಗಿಸಿದ’ ಎಂಬ ಖಚಿತ ಭೂತ, ಟೋಪಿಯಿದ್ದರೆ ‘ಮಾತಾಡಿದ್ದರೆ’, ‘ಮಾತಾಡಿದ್ದರೂ’, ‘ಮಾತಾಡಿದ್ದಾನೇನೋ’. ಕಿವಿಗೆ ಎರಡೂ ಒಂದೇ. ಆದದ್ದಕ್ಕೂ ಆಗಿರಬಹುದಾದದ್ದಕ್ಕೂ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಪೆನ್ನಿನ ಒಂದು ಚಿಕ್ಕ ಗೀಟಿನಷ್ಟು. 1990ರ ಡಿಸೆಂಬರ್‌ನಲ್ಲಿ ಪ್ರಕಟವಾದ ಕಾಗುಣಿತ ಸುಧಾರಣೆ i, u ಎಂಬ ಎರಡು ಸ್ವರಗಳ ಮೇಲಿನ ಸಿರ್ಕೋಂಫ್ಲೆಕ್ಸನ್ನು ಬಹುತೇಕ ಪದಗಳಲ್ಲಿ ಐಚ್ಛಿಕ ಮಾಡಿತು, ಸಬ್‌ಜಂಕ್ಟಿವ್‌ನ ಈ ರೂಪಗಳಲ್ಲಿ ಮಾತ್ರ ಮುಟ್ಟಲಿಲ್ಲ. 2016ರಲ್ಲಿ ಶಾಲಾ ಪುಸ್ತಕಗಳು ಆ ಸುಧಾರಣೆಯನ್ನು ಪಾಲಿಸಲಿವೆ ಎಂದಾಗ ಫ್ರಾನ್ಸ್‌ನಲ್ಲಿ ದೊಡ್ಡ ಗದ್ದಲವೆದ್ದಿತು. ನನ್ನ ಮಟ್ಟಿಗೆ, ಅರ್ಥ ಬದಲಾಗುವ ಕಡೆ ಗುರುತನ್ನು ಉಳಿಸಿ ಬೇರೆ ಕಡೆ ಸಡಿಲಿಸಿದ್ದು ವಿವೇಕದ ಕೆಲಸ.

ಬಾಯಿಮಾತು ಈ ರೂಪವನ್ನು ಏಕೆ ಕೈಬಿಟ್ಟಿತು? ಕಥನಕ್ಕೆ ಬಳಸುತ್ತಿದ್ದ ಸರಳ ಭೂತವೇ ಮಾತಿನಿಂದ ಜಾರಿಹೋದಾಗ, ಅದೇ ಬುಡದಿಂದ ಹುಟ್ಟುವ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್‌ಗೂ ಆಸರೆ ತಪ್ಪಿತು. ಅದು ಹೋದಾಗ ಅದರ ಮೇಲೆ ನಿಂತ ನಮ್ಮ ಪ್ಲೂಪರ್ಫೆಕ್ಟ್ ಕೂಡ ಅಲುಗಾಡಿತು. 19ನೇ ಶತಮಾನದ ಹೊತ್ತಿಗೆ ಇಂಥ ರೂಪಗಳನ್ನು ಮಾತಿನಲ್ಲಿ ಬಳಸಿದರೆ ನಗೆಗೀಡಾಗುವ ಸ್ಥಿತಿ ಬಂದಿತ್ತು. ಆಲ್ಫೋನ್ಸ್ ಆಲೇ ಎಂಬ ವಿನೋದ ಲೇಖಕ ಇವನ್ನೇ ಪೋಣಿಸಿ ಪ್ರೇಮಗೀತೆಯ ಅಣಕು ಬರೆದ. ಸರ್ಕಾರವೂ ಹಿಂದೆಯೇ ಬಂತು. 1901ರ ಫೆಬ್ರವರಿ 26ರ ಆದೇಶ ಕೆಲವು ಸಂದರ್ಭಗಳಲ್ಲಿ ಇಂಪರ್ಫೆಕ್ಟ್ ಬದಲು ವರ್ತಮಾನವನ್ನು ಬರೆದರೂ ಪರೀಕ್ಷಕರು ತಪ್ಪೆಣಿಸಬಾರದು ಎಂದಿತು. 1976ರ ಡಿಸೆಂಬರ್ 28ರ ಆದೇಶ ಪ್ಲೂಪರ್ಫೆಕ್ಟ್‌ಗೂ ಅದೇ ರಿಯಾಯಿತಿ ಕೊಟ್ಟಿತು. ಇಂದು ಮಾತಿನಲ್ಲಿ ‘ಫ್ಯೂ ಪಾರ್ತಿ’ಯ ಜಾಗದಲ್ಲಿ ‘ಸ್ವಾ ಪಾರ್ತಿ’ ನಿರಾತಂಕವಾಗಿ ನಡೆಯುತ್ತದೆ.

ಹಾಗಿದ್ದೂ ಅದು ಪೂರ್ತಿ ಹೋಗಿಲ್ಲ. ಏನಾದರೂ ಅನಿರೀಕ್ಷಿತವಾದದ್ದು ನಡೆದರೆ ಫ್ರೆಂಚರು ಈಗಲೂ ‘ಕಿ ಲ್ಯೂ ಕ್ರ್ಯೂ?’ ಎನ್ನುತ್ತಾರೆ, ಯಾರು ನಂಬಿದ್ದಾರು, ಎಂದು. ‘ನೀನು ನಂಬುತ್ತಿದ್ದೆಯಾ?’ ಎಂಬರ್ಥದ ‘ಲ್ಯೂಸ್ ತ್ಯೂ ಕ್ರ್ಯೂ’ ಒಟ್ಟಿಗೆ ಅಂಟಿಕೊಂಡು ‘ಲ್ಯೂಸ್ತ್ಯೂಕ್ರ್ಯೂ’ ಎಂಬ ಹೆಸರಾಗಿದೆ. ಬೆಕ್ಕು ಕಳೆದುಕೊಂಡ ಮಿಶೆಲಮ್ಮನ ಶಿಶುಗೀತೆಯಲ್ಲಿ ಬರುವ ಅಜ್ಜನ ಹೆಸರು ಅದು, ಅಂಗಡಿಯಲ್ಲಿ ಸಿಗುವ ಪಾಸ್ತಾದ ಹೆಸರೂ ಅದೇ. ಸಬ್‌ಜಂಕ್ಟಿವ್ ಎಂದರೇನೆಂದು ತಿಳಿಯುವ ವರ್ಷಗಳ ಮೊದಲೇ ಫ್ರೆಂಚ್ ಮಗು ಅದನ್ನು ಹಾಡಿರುತ್ತದೆ.

ಇದರ ನಿಜವಾದ ಮನೆ ಮಾತ್ರ ಗದ್ಯ. ಒಂದು ಕಾದಂಬರಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಮದಾಮ್ ದ ಲಾ ಫಾಯೆತ್ ಬರೆದ ‘ಲಾ ಪ್ರ್ಯಾಂಸೆಸ್ ದ ಕ್ಲೇವ್’ 1678ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಯಿತು. ಎರಡನೆಯ ಹೆನ್ರಿಯ ಆಸ್ಥಾನದ ಕಥೆ. ಮದುವೆಯಾದ ಯುವತಿಗೆ ನೆಮೂರ್ ಎಂಬ ಡ್ಯೂಕನ ಮೇಲೆ ಮನಸ್ಸಾಗುತ್ತದೆ. ಅವಳು ಕಾಲು ಜಾರುವುದಿಲ್ಲ. ಕೂಲೊಮ್ಯೇ ಎಂಬಲ್ಲಿನ ತಮ್ಮ ತೋಟದ ಮನೆಯಲ್ಲಿ ಗಂಡನ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾಳೆ, ಆ ಮನುಷ್ಯನ ಹೆಸರೊಂದನ್ನು ಬಿಟ್ಟು. ನೆಮೂರ್ ಅಲ್ಲೇ ಮರೆಯಲ್ಲಿದ್ದು ಕೇಳಿಸಿಕೊಳ್ಳುತ್ತಾನೆ, ತಡೆಯಲಾರದೆ ಬೇರೆ ಯಾರದೋ ಕಥೆ ಎಂಬಂತೆ ಗೆಳೆಯನಿಗೆ ಹೇಳಿಬಿಡುತ್ತಾನೆ. ಗುಟ್ಟು ಆಸ್ಥಾನದಲ್ಲಿ ಹರಡುತ್ತದೆ. ಗಂಡ ಹೆಂಡಿರಿಬ್ಬರೇ ಇದ್ದ ಕೋಣೆಯ ಮಾತು ಹೊರಬಂದದ್ದು ಹೇಗೆ? ಇಬ್ಬರೂ ಪರಸ್ಪರರನ್ನು ಅನುಮಾನಿಸುತ್ತಾರೆ.

ಆ ಸನ್ನಿವೇಶವನ್ನು ಆ ಕಾಲದ ವ್ಯಾಕರಣದಲ್ಲಿ ನಾನೇ ಕಟ್ಟಿದ ವಾಕ್ಯದಲ್ಲಿ ಹೇಳುತ್ತೇನೆ: ‘ಎಲ್ ಕ್ರೆನ್ಯೆ ಕಿಲ್ ನ್ಯೂ ಪಾರ್ಲೇ, ಇಲ್ ಕ್ರೆನ್ಯೆ ಕೆಲ್ ನ್ಯೂ ಪಾರ್ಲೇ’. ಗಂಡ ಬಾಯಿಬಿಟ್ಟಿದ್ದಾನೇನೋ ಎಂಬ ಅಂಜಿಕೆ ಅವಳಿಗೆ, ಹೆಂಡತಿ ಬಾಯಿಬಿಟ್ಟಿದ್ದಾಳೇನೋ ಎಂಬ ಅಂಜಿಕೆ ಅವನಿಗೆ. ನಿಜದಲ್ಲಿ ಇಬ್ಬರೂ ಬಾಯಿಬಿಟ್ಟಿಲ್ಲ. ‘ಯೂ ಪಾರ್ಲೇ’ ಎಂಬ ಆ ಎರಡು ಪದ ಮಾತಾಡಿದರು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಇಬ್ಬರ ಮನಸ್ಸಿನಲ್ಲಿ ಇನ್ನೊಬ್ಬರ ಬಗ್ಗೆ ಮೂಡಿದ ಚಿತ್ರವನ್ನು ಮಾತ್ರ ನಮಗೆ ಕೊಡುತ್ತವೆ. ಲೇಖಕಿ ಪಕ್ಷ ವಹಿಸದೆ ಹೀಗೆ ಎರಡು ಮನಸ್ಸುಗಳನ್ನು ಎದುರುಬದುರು ಇಡಲು ಸಾಧ್ಯವಾದದ್ದು ಸಬ್‌ಜಂಕ್ಟಿವ್‌ನಿಂದ. ಕೊನೆಗೆ ಗಂಡ ಕೊರಗಿ ಸಾಯುತ್ತಾನೆ, ಅವಳು ಸ್ವತಂತ್ರಳಾಗುತ್ತಾಳೆ, ಆದರೂ ನೆಮೂರ್‌ನನ್ನು ಒಲ್ಲೆ ಎನ್ನುತ್ತಾಳೆ. ಕಾದಂಬರಿ ತುಂಬ ಇರುವುದು ಆಗದೆ ಹೋದದ್ದೇ. ಈ ಪುಸ್ತಕವನ್ನು ಸರ್ಕಾರಿ ನೇಮಕಾತಿ ಪರೀಕ್ಷೆಗೆ ಇಡುವುದನ್ನು ಫ್ರೆಂಚ್ ರಾಜಕಾರಣಿ ನಿಕೊಲಾ ಸಾರ್ಕೋಜಿ ಹೀಯಾಳಿಸಿದ್ದರು. ಅದಕ್ಕೆ ಉತ್ತರವಾಗಿ 2009ರಲ್ಲಿ ಜನ ಬೀದಿಯಲ್ಲಿ ನಿಂತು ಇದನ್ನು ಗಟ್ಟಿಯಾಗಿ ಓದಿದರು. ಮುನ್ನೂರು ವರ್ಷ ದಾಟಿದ ಗದ್ಯ ಪ್ರತಿಭಟನೆಯ ದನಿಯಾಯಿತು ಎಂಬುದು ನನಗೆ ಇಂದಿಗೂ ಮೈ ಜುಮ್ಮೆನಿಸುವ ಸಂಗತಿ.

ಫ್ಲೋಬೇರನ ಶೈಲಿಯ ಬಗ್ಗೆ 1920ರಲ್ಲಿ ಪ್ರಬಂಧ ಬರೆದ ಪ್ರೂಸ್ತ್, ಕ್ರಿಯಾಪದದ ಕಾಲಗಳನ್ನು ಬಳಸುವ ಹೊಸ ರೀತಿಯೊಂದು ನಾವು ಜಗತ್ತನ್ನು ಕಾಣುವ ಬಗೆಯನ್ನೇ ಬದಲಿಸಬಲ್ಲದು ಎಂಬ ನಿಲುವು ತಳೆದ. ಆ ಮಾತಿನ ತೂಕ ಅನುವಾದಕ್ಕೆ ಕೂತಾಗ ತಿಳಿಯುತ್ತದೆ. ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುವ ‘ಓನ್ಯೂ ದಿ’ ಎಂಬ ಪ್ರಯೋಗವನ್ನು ‘ಯಾರಾದರೂ ಹೇಳಿದ್ದಾರು’ ಎಂದು ಕನ್ನಡಿಸಿದರೆ ವಾಕ್ಯ ಕುಂಟುತ್ತದೆ. ‘ಮನೆ ನಿದ್ದೆ ಹೋದಂತಿತ್ತು’ ಎಂದರೆ ಅದರೊಳಗಿನ ‘ಅಂತಿತ್ತು’ ಆ ಇಡೀ ಭಾರವನ್ನು ಹೊರುತ್ತದೆ. ಕಷ್ಟ ಬೇರೆ ಕಡೆಯಿದೆ. ಹಳೆಯ ‘ಸಿಲ್ ಫ್ಯೂ ವನ್ಯೂ’, ಇಂದಿನ ‘ಸಿಲ್ ಎತೆ ವನ್ಯೂ’ ಎರಡೂ ಕನ್ನಡಕ್ಕೆ ಬಂದರೆ ‘ಬಂದಿದ್ದರೆ’. ಅರ್ಥ ಉಳಿಯಿತು, ಗಾಂಭೀರ್ಯ ಹೋಯಿತು. ಪಾತ್ರವೊಂದು ಬೇಕೆಂದೇ ಹಳೆಯ ರೂಪ ಬಳಸಿದಾಗ ‘ಬಂದಿದ್ದ ಪಕ್ಷದಲ್ಲಿ’ ಎಂಬಂಥ ಬರಹದ ಕನ್ನಡಕ್ಕೆ ಹೋಗಬೇಕಾಗುತ್ತದೆ. ಕಮೂ 1956ರಲ್ಲಿ ಪ್ರಕಟಿಸಿದ ‘ಲಾ ಶ್ಯೂತ್’ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಮದ್ಯದಂಗಡಿಯೊಂದರಲ್ಲಿ ಕೂತ ಮಾಜಿ ವಕೀಲ ಇಂಪರ್ಫೆಕ್ಟ್ ಸಬ್‌ಜಂಕ್ಟಿವ್ ಮೇಲಿನ ತನ್ನ ಒಲವನ್ನು ತಾನೇ ಹೇಳಿಕೊಳ್ಳುತ್ತಾನೆ. ಆ ಮನುಷ್ಯನ ಗುಣ ಅರ್ಧ ಅವನ ಕ್ರಿಯಾಪದಗಳಲ್ಲಿದೆ. ಅದನ್ನು ಗುರುತಿಸದ ಅನುವಾದಕ ಅವನನ್ನು ಬರಿಯ ಬಾಯಿಬಡುಕನನ್ನಾಗಿ ಮಾಡಿಬಿಡುವ ಅಪಾಯವಿದೆ.

ಇದು ಪರದೇಶದ ವಿದ್ಯಾರ್ಥಿಗೆ ನಿಲುಕದ ವಿದ್ಯೆ ಎಂದು ಯಾರೂ ಭಾವಿಸಬೇಕಿಲ್ಲ. ಸೆನೆಗಲ್‌ನಲ್ಲಿ ಹುಟ್ಟಿದ ಲೇಯೊಪೋಲ್ ಸೆದಾರ್ ಸೆಂಗೋರ್ 1935ರಲ್ಲಿ ಫ್ರಾನ್ಸ್‌ನ ಕಠಿಣವಾದ ವ್ಯಾಕರಣ ಅಧ್ಯಾಪಕ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ತೂರ್ ನಗರದಲ್ಲಿ ಫ್ರೆಂಚ್ ಮಕ್ಕಳಿಗೇ ಪಾಠ ಹೇಳಿದರು. ಮುಂದೆ ತಮ್ಮ ದೇಶದ ಮೊದಲ ರಾಷ್ಟ್ರಪತಿಯಾದರು, 1983ರಲ್ಲಿ ಫ್ರೆಂಚ್ ಅಕಾಡೆಮಿಗೆ ಆಯ್ಕೆಯಾದರು. ನಮಗೆ ಹತ್ತಿರದ ಕಾರಣವೂ ಒಂದಿದೆ. 1792ರಲ್ಲಿ ಭಾರತಕ್ಕೆ ಬಂದು ಶ್ರೀರಂಗಪಟ್ಟಣದ ಸೀಮೆಯಲ್ಲಿ ವರ್ಷಗಟ್ಟಲೆ ಬದುಕಿದ ಪಾದ್ರಿ ಅಬ್ಬೆ ದ್ಯುಬುವಾ ನಮ್ಮ ಜನರ ಆಚಾರ ವಿಚಾರಗಳ ಬಗ್ಗೆ ಬರೆದ ಗ್ರಂಥವನ್ನು ನಾವು ಇಂಗ್ಲಿಷ್‌ನಲ್ಲೇ ಉಲ್ಲೇಖಿಸುತ್ತೇವೆ. ಅದರ ಫ್ರೆಂಚ್ ಪಾಠ 1825ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾಗಿದೆ. ಆ ಕಾಲದ ಗದ್ಯದಲ್ಲಿ ಲೇಖಕ ತಾನು ಕಂಡದ್ದನ್ನು ಎಲ್ಲಿ ಹೇಳುತ್ತಿದ್ದಾನೆ, ಊಹಿಸಿದ್ದನ್ನು ಎಲ್ಲಿ ಹೇಳುತ್ತಿದ್ದಾನೆ ಎಂದು ಬೇರ್ಪಡಿಸಬೇಕಾದರೆ ಸಬ್‌ಜಂಕ್ಟಿವ್ ತಿಳಿದಿರಬೇಕು. ನಮ್ಮ ಇತಿಹಾಸದ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಕಲಿಸುವ ಕ್ರಮದ ಬಗ್ಗೆ ಹೇಳಿ ಮುಗಿಸುತ್ತೇನೆ. ಕೋಷ್ಟಕದಿಂದ ಆರಂಭಿಸಬೇಡಿ. ಮೊಪಾಸಾನ ಒಂದು ಸಣ್ಣಕಥೆ ಕೊಡಿ, ‘ಯೂ’ ಮತ್ತು ‘ಫ್ಯೂ’ ಸಿಕ್ಕ ಕಡೆಯೆಲ್ಲ ಗೆರೆ ಎಳೆಯಲು ಹೇಳಿ. ಟೋಪಿಯಿದೆಯೇ ಎಂದು ಮೊದಲು ನೋಡಲಿ. ಹಿಂದೆ ‘ಎಂದು’ ಎಂಬರ್ಥದ ‘ಕ’ ಇದೆಯೋ ಷರತ್ತಿನ ‘ಸಿ’ ಇದೆಯೋ ಎಂದು ಆಮೇಲೆ ನೋಡಲಿ. ಎರಡೂ ಇಲ್ಲದಿದ್ದರೆ ಅದು ಕಂಡಿಷನಲ್‌ನ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ಬಳಿಕ ಪ್ರತಿಯೊಂದನ್ನೂ ಕನ್ನಡಕ್ಕೆ ತರಿಸಿ. ‘ಇದ್ದಿದ್ದರೆ’, ‘ಇದ್ದರೂ’, ‘ಏನೋ’, ‘ಅಂತಿತ್ತು’, 17ನೇ ಶತಮಾನದಿಂದ ಪ್ರೂಸ್ತ್‌ವರೆಗಿನ ಬಹುಪಾಲು ಪ್ರಯೋಗಗಳಿಗೆ ಈ ನಾಲ್ಕರಲ್ಲೊಂದು ಹೊಂದುತ್ತದೆ. ಯಾವುದೂ ಹೊಂದದ ವಾಕ್ಯ ಸಿಕ್ಕಿದ ದಿನ ಪಾಠಪುಸ್ತಕ ಮುಚ್ಚಿಟ್ಟು, ಇಡೀ ಅವಧಿಯನ್ನು ಆ ಒಂದು ವಾಕ್ಯಕ್ಕೇ ಕೊಡಿ.